ಮುಂಬೈಯಿಂದ ದುಬೈಗೆ ಒಂದು ಸಣ್ಣ ಹೋಟೆಲು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮಾಟುಂಗದಲ್ಲೋ ಮುಲುಂಡಿನಲ್ಲೋ ಹೋಟೆಲು ನಡೆಸುವ ನಮ್ಮವರಿಗೆ ದುಬೈಯಿಂದ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ. "ಭಾವ, ಕರಾಮಾದಲ್ಲಿ ಒಳ್ಳೆ ಜಾಗ ಉಂಟು. ಲೈಸೆನ್ಸ್ ಬೇಗ ಆಗ್ತದೆ. ನೀವು ದುಡ್ಡು ಕಳಿಸಿದ್ರೆ ಸಾಕು, ಬಾಕಿದ್ದು ನಾನು ನೋಡಿಕೊಳ್ತೇನೆ." ಭಾವಮೈದ ಹೇಳುವುದರಲ್ಲಿ ಸುಳ್ಳಿಲ್ಲ, ಲೈಸೆನ್ಸ್ ಬೇಗನೇ ಆಗುತ್ತದೆ. ಎಡವಟ್ಟಾಗುವುದು "ದುಡ್ಡು ಕಳಿಸಿದ್ರೆ ಸಾಕು" ಎಂಬಲ್ಲಿ. ಯಾರ ಹೆಸರಿನಲ್ಲಿ, ಯಾವ ದಾರಿಯಲ್ಲಿ, ಯಾವ ಫಾರ್ಮ್ ತುಂಬಿ ಕಳಿಸಬೇಕು ಎಂದು ಮೊದಲೇ ತೀರ್ಮಾನಿಸದಿದ್ದರೆ, ಅದನ್ನು ಆಮೇಲೆ ಸರಿಪಡಿಸುವ ಓಡಾಟ ಹೋಟೆಲು ಹಾಕುವ ಓಡಾಟಕ್ಕಿಂತ ದೊಡ್ಡದಾಗುತ್ತದೆ.

ಮುಂಬೈಯ ಹೋಟೆಲುಗಳ ಲೆಕ್ಕಪತ್ರ ನೋಡುವುದು ನನ್ನ ಉದ್ಯೋಗ. ಎರಡನೇ ಅಂಗಡಿಗೆ ದುಬೈ ಎಂದು ಹೊರಟವರಲ್ಲಿ ಬಹಳ ಮಂದಿ ಲೈಸೆನ್ಸಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಐದನೇ ಕೆಲಸ. ಮೊದಲಿನ ನಾಲ್ಕು ಸರಿಯಾಗಿದ್ದರೆ ಲೈಸೆನ್ಸಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ಇಡ್ಲಿ, ದೋಸೆ, ಕಾಫಿಯ ಸಣ್ಣ ಸಸ್ಯಾಹಾರಿ ಹೋಟೆಲನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಟೇಲರ್ ಅಂಗಡಿ, ಸಲೂನ್, ಕಿರಾಣಿ ಏನೇ ಆದರೂ ದುಡ್ಡಿನ ಭಾಗ ಹೀಗೆಯೇ ಇರುತ್ತದೆ.

1. ಹೋಗುವವರು ಯಾರು, ಇಲ್ಲಿ ಉಳಿಯುವವರು ಯಾರು

ಮನೆಯಲ್ಲಿ ಎಲ್ಲರೂ ಕೂತು ಮೊದಲು ಇತ್ಯರ್ಥ ಮಾಡಬೇಕಾದದ್ದು ಇದು. ನೀವು ಮುಂಬೈಯಲ್ಲೇ ಇದ್ದು ಬಂಡವಾಳ ಮಾತ್ರ ಹಾಕುವುದಾದರೆ ನೀವು ಭಾರತದ ನಿವಾಸಿ. ವಿದೇಶದಲ್ಲಿ ನೇರ ಹೂಡಿಕೆ ಮಾಡುವ ನಿಯಮಗಳು, ಅಂದರೆ ಬ್ಯಾಂಕಿನವರು ಒಡಿಐ ಎನ್ನುವುದು, ಪೂರ್ತಿಯಾಗಿ ನಿಮಗೆ ಅನ್ವಯಿಸುತ್ತವೆ. ನೀವೇ ವ್ಯಾಪಾರ ನಡೆಸಲೆಂದು ಅಲ್ಲಿಗೆ ಹೊರಟರೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾನೂನಿನ ಲೆಕ್ಕದಲ್ಲಿ ಅನಿವಾಸಿಯಾಗುತ್ತೀರಿ. ಆಗ ಇಲ್ಲಿನ ಸೇವಿಂಗ್ಸ್ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಅದರಲ್ಲಿರುವ, ತೆರಿಗೆ ಕಟ್ಟಿದ ಹಣವನ್ನು ಸಿಎ ಪ್ರಮಾಣಪತ್ರದೊಂದಿಗೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

ಆದಾಯ ತೆರಿಗೆಯಲ್ಲಿ ನಿವಾಸಿಯೋ ಅನಿವಾಸಿಯೋ ಎಂಬುದು ಬೇರೆಯೇ ಲೆಕ್ಕ. ಅದು ಆ ವರ್ಷ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ನಿಂತಿದೆ. ಜನವರಿಯಲ್ಲಿ ವಿಮಾನ ಹತ್ತಿದವರು ಫೆಮಾ ಪ್ರಕಾರ ಅನಿವಾಸಿಯಾಗಿದ್ದೂ ಆ ಮಾರ್ಚ್‌ವರೆಗಿನ ವರ್ಷಕ್ಕೆ ತೆರಿಗೆಯ ನಿವಾಸಿಯಾಗಿಯೇ ಉಳಿಯುವುದುಂಟು. ಎರಡನ್ನೂ ಒಂದೇ ಎಂದು ತಿಳಿದು ಫಾರ್ಮ್ ತುಂಬಬೇಡಿ.

ಮೂರನೆಯ ದಾರಿಯೊಂದನ್ನು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಭಾವಮೈದನ ಖಾತೆಗೆ "ಗಿಫ್ಟ್" ಎಂದೋ "ಕುಟುಂಬದ ಖರ್ಚಿಗೆ" ಎಂದೋ ಕಳಿಸಿ, ಅವನು ಅಲ್ಲಿ ತನ್ನ ಹೆಸರಿನಲ್ಲಿ ಹೋಟೆಲು ಹಾಕಲಿ, ಪಾಲು ನಮ್ಮದು ಎಂಬ ಏರ್ಪಾಟು. ಗಿಫ್ಟ್ ಎಂದು ಕಳಿಸಿದರೆ ಅದು ಗಿಫ್ಟೇ. ದುಡ್ಡೂ ಅವನದು, ಹೋಟೆಲೂ ಅವನದು. ನಾಳೆ ಅವನ ಮಕ್ಕಳು "ಮಾವ ಯಾವ ಲೆಕ್ಕದಲ್ಲಿ ಪಾಲು ಕೇಳ್ತಾರೆ?" ಎಂದರೆ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮೇಲಾಗಿ ಹೂಡಿಕೆಯನ್ನು ಬೇರೆ ಉದ್ದೇಶದ ಹೆಸರಿನಲ್ಲಿ ಕಳಿಸಿದ್ದು ಫೆಮಾ ಉಲ್ಲಂಘನೆ. ಹವಾಲಾ ಮಾತಂತೂ ಎತ್ತಲೇಬೇಡಿ. ಫೆಮಾದಲ್ಲಿ ದಂಡ ಒಳಗೊಂಡ ಮೊತ್ತದ ಮೂರು ಪಟ್ಟುವರೆಗೆ ಹೋಗಬಹುದು.

2. ದುಡ್ಡು ಹೋಗುವ ದಾರಿ

ಮುಂಬೈಯಲ್ಲೇ ಉಳಿಯುವವರಿಗೆ ಇದು ಇಡೀ ಕೆಲಸದ ಬುಡ. ಈಗ ಜಾರಿಯಲ್ಲಿರುವುದು 2022ರ ಆಗಸ್ಟ್ 22ರಂದು ಬಂದ ವಿದೇಶಿ ಹೂಡಿಕೆ ನಿಯಮಗಳು. ವ್ಯಕ್ತಿಯೊಬ್ಬರು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಮಿತಿಯೊಳಗೆ, ಅಂದರೆ ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ, ಹೊರದೇಶದ ಕಂಪನಿಯ ಷೇರು ಕೊಳ್ಳಬಹುದು. ಸಣ್ಣ ಹೋಟೆಲಿಗೆ ಒಬ್ಬರ ಮಿತಿಯೇ ಸಾಕಾಗುತ್ತದೆ. ಸಾಲದಿದ್ದರೆ ಹೆಂಡತಿಯ ಮಿತಿಯನ್ನೂ ಸೇರಿಸಬಹುದು, ಆದರೆ ಆಕೆಯೂ ಆ ಕಂಪನಿಯಲ್ಲಿ ಷೇರುದಾರಳಾಗಿರಬೇಕು. ಸುಮ್ಮನೆ ಮನೆಯವರ ಹೆಸರಿನಲ್ಲಿ ಕಳಿಸಿ ಒಬ್ಬರ ಲೆಕ್ಕಕ್ಕೆ ಸೇರಿಸುವುದು ಹೂಡಿಕೆಯ ವಿಷಯದಲ್ಲಿ ನಡೆಯುವುದಿಲ್ಲ.

ನಮ್ಮವರಿಗೆ ಆಶ್ಚರ್ಯ ಹುಟ್ಟಿಸುವ ಸಂಗತಿಗಳು ಮೂರು.

ಒಂದು, ಸಾಲದ ದುಡ್ಡು. ಇಂಥ ಹೂಡಿಕೆಗೆ ಹಣ ಕಳಿಸಲು ಬ್ಯಾಂಕು ನಿಮಗೆ ಸಾಲ ಕೊಡುವ ಹಾಗಿಲ್ಲ. ಇಲ್ಲಿನ ಹೋಟೆಲಿನ ಓಡಿ (ಓವರ್‌ಡ್ರಾಫ್ಟ್) ಖಾತೆಯಿಂದ ಎತ್ತಿ ಅಲ್ಲಿ ಹಾಕೋಣ ಎಂದುಕೊಂಡವರು ಕೌಂಟರಿನಲ್ಲೇ ನಿಲ್ಲುತ್ತಾರೆ. ಗಲ್ಲಾದ ನಗದಿಗೂ ಇಲ್ಲಿ ಬೆಲೆಯಿಲ್ಲ. ರಿಟರ್ನಿನಲ್ಲಿ ತೋರಿಸಿದ, ಖಾತೆಯಲ್ಲಿ ಕೂತಿರುವ ದುಡ್ಡೇ ಬೇಕು.

ಎರಡು, ನೀವು ವ್ಯಕ್ತಿಯಾಗಿ ಷೇರು ಬಂಡವಾಳ ಹಾಕಬಹುದೇ ಹೊರತು ಆ ಕಂಪನಿಗೆ ಸಾಲ ಕೊಡುವಂತಿಲ್ಲ. "ಮೊದಲು ಸ್ವಲ್ಪ ಬಂಡವಾಳ, ಆಮೇಲೆ ಕೈಗಡ" ಎಂಬ ಇಲ್ಲಿನ ರೂಢಿ ಅಲ್ಲಿಗೆ ಹೊಂದುವುದಿಲ್ಲ. ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಿ ಷೇರಿನ ರೂಪದಲ್ಲೇ ಕಳಿಸಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಕತೆ ಬೇರೆ. ಆ ಸಂಸ್ಥೆಯೇ ಹೂಡಿಕೆ ಮಾಡಬಹುದು, ಅದರ ಮಿತಿ ನಿವ್ವಳ ಆಸ್ತಿಯ 400% ತನಕ, ಹೂಡಿದ ಮೇಲೆ ಸಾಲವನ್ನೂ ಕೊಡಬಹುದು. ಆದರೆ ಮುಂಬೈಯ ಸಣ್ಣ ಹೋಟೆಲುಗಳ ಪಾಲುದಾರಿಕೆ ಪತ್ರಗಳು ಎಷ್ಟೋ ಕಡೆ ಸ್ಟ್ಯಾಂಪ್ ಪೇಪರಿನಲ್ಲೇ ನಿಂತಿವೆ, ರಿಜಿಸ್ಟ್ರಾರರ ತನಕ ಹೋಗಿಲ್ಲ. ನಿಮ್ಮದೂ ಹಾಗಿದ್ದರೆ ಮೊದಲು ಅದನ್ನು ನೋಂದಾಯಿಸಿ.

ಮೂರು, ಟಿಸಿಎಸ್. ವ್ಯಕ್ತಿಯಾಗಿ ಕಳಿಸುವಾಗ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ತೆರಿಗೆ ಹಿಡಿಯುತ್ತದೆ. 60 ಲಕ್ಷ ಕಳಿಸುವವರ ಖಾತೆಯಲ್ಲಿ 70 ಲಕ್ಷ ಇರಬೇಕು. ಆ 10 ಲಕ್ಷ ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಆದಾಯ ತೆರಿಗೆಗೆ ಜಮೆಯಾಗುತ್ತದೆ ಅಥವಾ ರೀಫಂಡ್ ಬರುತ್ತದೆ. ಆದರೆ ಬರುವ ತನಕ ಕೈಯಲ್ಲಿ ಇರುವುದಿಲ್ಲ. ಸಾಧ್ಯವಿದ್ದರೆ ಅರ್ಧ ಮಾರ್ಚ್‌ನಲ್ಲಿ, ಇನ್ನರ್ಧ ಏಪ್ರಿಲ್‌ನಲ್ಲಿ ಕಳಿಸಿ. 10 ಲಕ್ಷದ ವಿನಾಯಿತಿ ಎರಡು ವರ್ಷಕ್ಕೂ ಸಿಗುತ್ತದೆ.

ಇನ್ನು ಬ್ಯಾಂಕಿನ ಕೆಲಸ. ಹಣ ಕಳಿಸುವ ಮುಂಚೆ ಫಾರ್ಮ್ ಎಫ್‌ಸಿ ಕೊಟ್ಟು, ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿನಿಂದ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಮುಂದೆ ಆ ಕಂಪನಿಯ ಎಲ್ಲ ವ್ಯವಹಾರವೂ ಅದೇ ಬ್ಯಾಂಕಿನ ಮೂಲಕ, ಅದೇ ಸಂಖ್ಯೆಯ ಕೆಳಗೆ. ಬೀದಿಯ ಮೂಲೆಯ ಶಾಖೆಯಲ್ಲಿ "ಮಗನ ಫೀಸು ಕಳಿಸಿದ ಹಾಗೆ ಕಳಿಸಿಬಿಡಿ" ಎಂದರೆ ಅವರು ಕಳಿಸಿಯೂ ಬಿಡುತ್ತಾರೆ, ಆಮೇಲೆ ತಡವಾದ ವರದಿಗೆ ಶುಲ್ಕ ಕಟ್ಟುವವರು ನೀವು. ಆ ವಿಳಂಬ ಸರಿಯಾಗುವ ತನಕ ಎರಡನೇ ಕಂತು ಕಳಿಸಲಿಕ್ಕೂ ಆಗುವುದಿಲ್ಲ. ಫೋರ್ಟ್, ನಾರಿಮನ್ ಪಾಯಿಂಟ್, ಬಿಕೆಸಿ ಕಡೆಯ ದೊಡ್ಡ ಶಾಖೆಗಳಲ್ಲಿ ಒಡಿಐ ಕೆಲಸ ಗೊತ್ತಿರುವವರು ಸಿಗುತ್ತಾರೆ, ಅಂಥಲ್ಲಿಗೆ ಹೋಗಿ. ಸಹಕಾರಿ ಬ್ಯಾಂಕಿನಲ್ಲಿ ಮಾತ್ರ ಖಾತೆ ಇರುವವರು, ಆ ಬ್ಯಾಂಕಿಗೆ ಈ ಕೆಲಸ ಮಾಡುವ ಅಧಿಕಾರ ಉಂಟೇ ಎಂದು ಮೊದಲು ಕೇಳಿ. ಖಾತೆಗೆ ಒಂದು ವರ್ಷವಾದರೂ ಆಗಿರಬೇಕೆಂಬ ನಿಯಮವೂ ಇದೆ. ಹೊಸ ಗಿರಾಕಿಯಾದರೆ ಹಳೆಯ ಬ್ಯಾಂಕಿನ ಸ್ಟೇಟ್‌ಮೆಂಟು, ರಿಟರ್ನು ಕೇಳುತ್ತಾರೆ. ಹಣ ಹೋದ ಆರು ತಿಂಗಳೊಳಗೆ ಷೇರು ಬಂದದ್ದರ ದಾಖಲೆಯನ್ನು ಬ್ಯಾಂಕಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ದಿರ್ಹಮಿನ ಏರಿಳಿತದ ಬಗ್ಗೆ ಕೇಳುವವರಿದ್ದಾರೆ. ಅದು 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ್ದು. ನೀವು ನೋಡಬೇಕಾದದ್ದು ರೂಪಾಯಿ-ಡಾಲರ್ ದರ ಮಾತ್ರ.

3. ಯಾವ ಥರದ ಕಂಪನಿ

ಇಲ್ಲಿ ಎರಡು ದೇಶಗಳ ಕಾನೂನು ಒಂದಕ್ಕೊಂದು ತಗುಲುತ್ತದೆ. ದುಬೈಯ ಏಜೆಂಟರು ಅಗ್ಗವೆಂದು ಮೊದಲು ತೋರಿಸುವುದು ಒಬ್ಬರ ಹೆಸರಿನ ಸೋಲ್ ಎಸ್ಟಾಬ್ಲಿಷ್‌ಮೆಂಟ್. ಅದರಲ್ಲಿ ಮಾಲೀಕನ ಹೊಣೆಗೆ ಮಿತಿಯಿಲ್ಲ. ನಮ್ಮ 2022ರ ನಿಯಮ ಹೇಳುವುದು, ಹೂಡಿಕೆ ಮಾಡುವ ವಿದೇಶಿ ಸಂಸ್ಥೆ ಸೀಮಿತ ಹೊಣೆಯದ್ದೇ ಆಗಿರಬೇಕು ಎಂದು. ಹಾಗಾಗಿ ಮುಂಬೈಯ ನಿವಾಸಿಗೆ ಸೀಮಿತ ಹೊಣೆಯ ಕಂಪನಿ, ಅಂದರೆ ಎಲ್‌ಎಲ್‌ಸಿಯೇ ಸರಿ. ದುಬೈಯ ಏಜೆಂಟನಿಗೆ ಭಾರತದ ನಿಯಮ ತಿಳಿದಿರಬೇಕೆಂದಿಲ್ಲ, ಮುಂಬೈಯ ಸಿಎಗೆ ದುಬೈಯದು ಗೊತ್ತಿರಬೇಕೆಂದಿಲ್ಲ. ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಮಾತಾಡಿಸಿಬಿಡಿ.

ಫ್ರೀ ಝೋನೋ (ತನ್ನದೇ ನಿಯಮಗಳ ವಿಶೇಷ ವಲಯ) ಮೇನ್‌ಲ್ಯಾಂಡೋ (ಉಳಿದ ಊರು) ಎಂಬ ಚರ್ಚೆ ಹೋಟೆಲಿನವರಿಗೆ ಬೇಡ. ಬೀದಿಬದಿಯಲ್ಲಿ ಗಿರಾಕಿಗೆ ದೋಸೆ ಬಡಿಸಬೇಕೆಂದರೆ ಮೇನ್‌ಲ್ಯಾಂಡ್ ಲೈಸೆನ್ಸೇ ಬೇಕು. ಹಿಂದೆ ಅದಕ್ಕೆ 51% ಪಾಲಿನ ಸ್ಥಳೀಯ ಪಾಲುದಾರ ಬೇಕಿತ್ತು. 2021ರ ಜೂನ್‌ನಿಂದ ಬಹುಪಾಲು ವ್ಯಾಪಾರಗಳಲ್ಲಿ 100% ವಿದೇಶಿ ಮಾಲೀಕತ್ವಕ್ಕೆ ಅವಕಾಶವಿದೆ. ಇಂದಿಗೂ "ಅರಬಿ ಸ್ಪಾನ್ಸರ್ ಇಲ್ಲದೆ ಆಗೋದಿಲ್ಲ" ಎನ್ನುವವರು ಒಂದೋ ಹಳೇ ಕಾಲದವರು, ಇಲ್ಲವೇ ನಡುವೆ ಕಮಿಷನ್ ಇರುವವರು.

ಕಂಪನಿ ಪತ್ರ, ಅಂದರೆ ಎಂಒಎ, ಅರಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ವ್ಯಾಜ್ಯ ಬಂದಾಗ ಕೋರ್ಟು ನೋಡುವುದು ಅರಬಿ ಪಠ್ಯವನ್ನು. ಲಾಭದ ಪಾಲು, ಬ್ಯಾಂಕಿನಲ್ಲಿ ಸಹಿ ಯಾರದು, ಮ್ಯಾನೇಜರನನ್ನು ತೆಗೆಯುವ ಅಧಿಕಾರ ಯಾರಿಗೆ ಎಂಬ ಮೂರು ಕಲಮುಗಳನ್ನು ನಿಮ್ಮ ಕಡೆಯ ಅನುವಾದಕರಿಂದ ಓದಿಸಿ. ಲೈಸೆನ್ಸಿನಲ್ಲಿ ಮ್ಯಾನೇಜರ್ ಎಂದು ಬರೆಸಿಕೊಂಡವರಿಗೆ ಅಲ್ಲಿ ಬಹಳ ಅಧಿಕಾರ. ಭಾವಮೈದ ಎಷ್ಟೇ ಒಳ್ಳೆಯವನಾದರೂ, ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ ಇಡುವುದರಿಂದ ಸಂಬಂಧ ಕೆಡುವುದಿಲ್ಲ. ಬೇಸರ ಮಾಡಿಕೊಂಡರೆ ಈಗಲೇ ಮಾಡಿಕೊಳ್ಳಲಿ.

ನೀವು ಹೋಗದೆ ಅವನಿಗೆ ಮುಖ್ತಿಯಾರುನಾಮೆ ಕೊಡುವುದಾದರೆ, ಒಂದೇ ಮುದ್ರೆಯಿಂದ ಬೇರೆ ದೇಶದ ಕಾಗದವನ್ನು ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ ಎಂಬುದನ್ನು ನೆನಪಿಡಿ. ನೋಟರಿ, ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಯುಎಇ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ದುಬೈಯಲ್ಲಿ ಅವರ ವಿದೇಶಾಂಗ ಇಲಾಖೆಯದು, ಹೀಗೆ ಸರದಿ. ಅಧಿಕಾರವನ್ನು ಲೈಸೆನ್ಸ್ ಮತ್ತು ಬಾಡಿಗೆ ಕರಾರಿಗೆ ಮಾತ್ರ ಕೊಡಿ. "ಎಲ್ಲ ಕೆಲಸಕ್ಕೂ" ಎಂದು ಬರೆಯಬೇಡಿ.

4. ಜಾಗ

ಹೋಟೆಲು ಮುಳುಗುವುದೂ ತೇಲುವುದೂ ಇಲ್ಲಿಯೇ. ಕರಾಮಾ, ಬರ್ ದುಬೈಯ ಮೀನಾ ಬಜಾರ್ ಕಡೆ ನಮ್ಮ ಜನ ಬಹಳ, ಆದರೆ ಇಡ್ಲಿ-ದೋಸೆಯ ಹೋಟೆಲುಗಳೂ ಬಹಳ. ಕುಸೈಸ್, ಅಲ್ ನಹ್ದಾ, ಇಂಟರ್‌ನ್ಯಾಷನಲ್ ಸಿಟಿ ಕಡೆ ಸಂಸಾರಸ್ಥರ ವಸತಿ ಹೆಚ್ಚು. ಬೆಳಗ್ಗಿನ ತಿಂಡಿಗಿಂತ ಶುಕ್ರವಾರ ರಾತ್ರಿ, ಶನಿವಾರ, ಭಾನುವಾರದ ವ್ಯಾಪಾರ ಅಲ್ಲಿ ಮುಖ್ಯ. ದಾದರ್ ಸ್ಟೇಷನ್ನಿನ ಹೊರಗೆ ಬೆಳಗ್ಗೆ ನಿಲ್ಲುವ ಗುಂಪನ್ನು ಅಲ್ಲಿ ಹುಡುಕಬೇಡಿ. ಎರಡು ವಾರ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ಆ ಅಂಗಡಿಯೆದುರು ನಿಂತು ನೋಡಿ.

ಜಾಗ ಒಪ್ಪುವ ಮುಂಚೆ ಮಾಡು, ಅಂದರೆ ಛಾವಣಿ, ನೋಡಬೇಕು. ಅಡುಗೆ ಹೊಗೆಯ ಡಕ್ಟು ಕಟ್ಟಡದ ಮೇಲಿನ ತನಕ ಹೋಗಿದೆಯೇ, ಅಥವಾ ಹಾಕಲು ಮಾಲೀಕ ಲಿಖಿತ ಒಪ್ಪಿಗೆ ಕೊಡುತ್ತಾನೆಯೇ? ಹಿಂದೆ ಮೊಬೈಲ್ ಅಂಗಡಿಯಾಗಿದ್ದ ಜಾಗ ಬಾಡಿಗೆಯಲ್ಲಿ ಅಗ್ಗ. ಆದರೆ ಡಕ್ಟಿಲ್ಲದ ಕಡೆ ದೋಸೆ ಕಾವಲಿ ಇಡಲು ಆಗುವುದಿಲ್ಲ, ಹೊಸದಾಗಿ ಏರಿಸುವುದು ಸುಲಭವಲ್ಲ. ಆಮೇಲೆ ಕರೆಂಟಿನ ಲೋಡ್. ಟಿಲ್ಟಿಂಗ್ ಗ್ರೈಂಡರು, ಡೀಪ್ ಫ್ರೀಜರು, ಎಸಿ ಎಲ್ಲ ಸೇರಿದರೆ ಎಷ್ಟು ಕಿಲೋವಾಟ್ ಎಂದು ಮೊದಲೇ ಬರೆದುಕೊಂಡು, ಆ ಜಾಗಕ್ಕೆ ದೇವಾ, ಅಂದರೆ ಅಲ್ಲಿನ ವಿದ್ಯುತ್-ನೀರು ಸಂಸ್ಥೆ, ಎಷ್ಟು ಮಂಜೂರು ಮಾಡಿದೆ ಎಂದು ಕೇಳಿ. ಲೋಡ್ ಏರಿಸುವುದಕ್ಕೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಮೂರನೆಯದು ಗ್ರೀಸ್ ಟ್ರ್ಯಾಪ್, ಮೋರಿಗೆ ಎಣ್ಣೆ ಹೋಗದಂತೆ ಹಿಡಿಯುವ ತೊಟ್ಟಿ. ಅದಿಲ್ಲದೆ ದುಬೈ ಮುನಿಸಿಪಾಲಿಟಿ ಅಡುಗೆಮನೆಯನ್ನು ಒಪ್ಪುವುದಿಲ್ಲ.

ನಡೆಯುತ್ತಿರುವ ಕೆಫೆಟೇರಿಯಾವನ್ನೇ ಕೊಳ್ಳುವ ಅವಕಾಶವೂ ಬರುತ್ತದೆ. ಡಕ್ಟು, ಟ್ರ್ಯಾಪು, ಲೋಡ್ ಎಲ್ಲ ತಯಾರಿರುತ್ತದೆ, ಬದಲಿಗೆ ಕೀ ಮನಿ, ಅಂದರೆ ಜಾಗ ಬಿಟ್ಟುಕೊಡಲು ಒಮ್ಮೆಗೇ ಕೊಡುವ ದುಡ್ಡು, ಕೇಳುತ್ತಾರೆ. ಮುಂಬೈಯ ಪಗಡಿ ಕಂಡವರಿಗೆ ಇದು ಅರ್ಥವಾಗುತ್ತದೆ. ಆದರೆ ಪಗಡಿಗೆ ಇಲ್ಲಿ ಬಾಡಿಗೆ ಕಾನೂನಿನಲ್ಲಿ ಜಾಗವಿದೆ, ಅಲ್ಲಿನ ಕೀ ಮನಿ ಹೆಚ್ಚಾಗಿ ಹಳೇ ಬಾಡಿಗೆದಾರನ ಜೇಬಿಗೆ ಹೋಗುವಂಥದ್ದು. ಕಟ್ಟಡದ ಮಾಲೀಕ ಹೊಸ ಕರಾರು ಕೊಡದಿದ್ದರೆ ನಿಮಗೆ ಉಳಿಯುವುದು ಹಳೇ ಪಾತ್ರೆ. ಹಾಗಾಗಿ ಮಾಲೀಕನ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ಕೀ ಮನಿ ಕೊಡಿ. ಕಂಪನಿಯ ಷೇರನ್ನೇ ಕೊಳ್ಳುವುದಾದರೆ ಅದರ ಮೇಲಿನ ದಂಡ, ವ್ಯಾಟ್ ಬಾಕಿ, ಕೆಲಸಗಾರರ ಗ್ರ್ಯಾಚುಟಿ ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಸಾಮಾನು ಮತ್ತು ಜಾಗ ಮಾತ್ರ ಪಡೆದು ಹೊಸ ಕಂಪನಿ ಮಾಡುವುದು ನನಗೆ ಹೆಚ್ಚು ಹಿಡಿಸುತ್ತದೆ.

ಮುಂಬೈಯಲ್ಲಿ ನಾವು ಸಲೀಸಾಗಿ ಮಾಡುವ "ಕಂಡಕ್ಟ್ ಮೇಲೆ ಕೊಡುವುದು" ಅಲ್ಲಿ ಅಪಾಯ. ಒಬ್ಬರ ಲೈಸೆನ್ಸಿನಲ್ಲಿ ಇನ್ನೊಬ್ಬರು ಹೋಟೆಲು ನಡೆಸಿ ತಿಂಗಳ ಮೊತ್ತ ಕೊಡುವ ಏರ್ಪಾಟು, ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದಿದ್ದರೆ ಒಳಬಾಡಿಗೆ ಎಂದಾಗಬಹುದು. ದುಬೈಯ ಬಾಡಿಗೆ ಕಾನೂನಿನಲ್ಲಿ ಅದು ಖಾಲಿ ಮಾಡಿಸಲು ಸಾಕಾದ ಕಾರಣ.

ಬಾಡಿಗೆ ಕಟ್ಟುವುದು ತಿಂಗಳು ತಿಂಗಳು ಅಲ್ಲ. ವರ್ಷದ ಬಾಡಿಗೆಯನ್ನು ಒಂದು, ಎರಡು ಅಥವಾ ನಾಲ್ಕು ಮುಂಗಡ ದಿನಾಂಕದ ಚೆಕ್ಕುಗಳಲ್ಲಿ ಬರೆದು ಮೊದಲೇ ಕೊಡಬೇಕು. ಚೆಕ್ಕು ಕಡಿಮೆಯಾದಷ್ಟು ಬಾಡಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಆದರೆ ಹೊಸ ಹೋಟೆಲಿಗೆ ಉಸಿರಾಡಲು ಹೆಚ್ಚು ಚೆಕ್ಕುಗಳೇ ಬೇಕು. ಬಾಡಿಗೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟಾದರೂ ನಾಲ್ಕು ಚೆಕ್ಕು ಕೇಳಿ, ಜೊತೆಗೆ ಒಳಾಂಗಣ ಕೆಲಸದ ಕಾಲಕ್ಕೆ ಬಾಡಿಗೆಯಿಲ್ಲದ ಒಂದೆರಡು ತಿಂಗಳು ಕೇಳಿ. ಈ ಚೌಕಾಶಿಗೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ಇನ್ನೊಂದು ಸಂದಿ ಇದೆ, ಜಾಣರೂ ಬೀಳುವಂಥದ್ದು. ಕಂಪನಿಯ ಬ್ಯಾಂಕ್ ಖಾತೆ ತೆರೆಯಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ನೋಂದಾಯಿತ ಬಾಡಿಗೆ ಕರಾರು ಬೇಕು, ಕರಾರಿಗೆ ಚೆಕ್ಕು ಬೇಕು, ಚೆಕ್ಕಿಗೆ ಖಾತೆ ಬೇಕು. ಈ ಗಡಿಬಿಡಿಯಲ್ಲಿ ಅಲ್ಲಿರುವ ಸಂಬಂಧಿಕ ತನ್ನ ಸ್ವಂತ ಖಾತೆಯ ಚೆಕ್ಕು ಕೊಟ್ಟುಬಿಡುತ್ತಾನೆ, ಹೊಣೆ ಅವನ ಮೇಲೆ ಬೀಳುತ್ತದೆ. ಮೊದಲ ಕಂತನ್ನು ಮ್ಯಾನೇಜರ್ಸ್ ಚೆಕ್ಕಿನಲ್ಲಿ, ಅಂದರೆ ಬ್ಯಾಂಕೇ ಬರೆದುಕೊಡುವ ಚೆಕ್ಕಿನಲ್ಲಿ, ಕೊಟ್ಟು, ಉಳಿದವನ್ನು ಖಾತೆ ತೆರೆದ ಮೇಲೆ ಕಂಪನಿಯ ಚೆಕ್ಕಿಗೆ ಬದಲಾಯಿಸಿಕೊಳ್ಳುವುದೆಂದು ಕರಾರಿನಲ್ಲೇ ಬರೆಸಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬೌನ್ಸ್ ಆದರೆ ಜೈಲು ಎಂಬುದು ಹಳೇ ಕಾನೂನು. 2022ರ ಜನವರಿಯಿಂದ ಅದು ಬಹುತೇಕ ಕ್ರಿಮಿನಲ್ ಅಲ್ಲ. ಆದರೆ ಬೌನ್ಸ್ ಆದ ಚೆಕ್ಕನ್ನೇ ಹಿಡಿದು ನೇರವಾಗಿ ವಸೂಲಿ ಕೋರ್ಟಿಗೆ ಹೋಗಬಹುದು, ದೇಶ ಬಿಡದಂತೆ ತಡೆ ಕೇಳಲೂಬಹುದು. ಊರಿನ ಮದುವೆಗೆ ಹೊರಟವರು ವಿಮಾನ ನಿಲ್ದಾಣದಲ್ಲಿ ಉಳಿಯುವುದು ಹೀಗೆ.

ಕರಾರನ್ನು ಇಜಾರಿಯಲ್ಲಿ, ಅಂದರೆ ಬಾಡಿಗೆ ಕರಾರು ನೋಂದಾಯಿಸುವ ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ, ಕಂಪನಿಯ ಹೆಸರಿಗೇ ನೋಂದಾಯಿಸಿ. ನವೀಕರಣದ ಸಮಯದಲ್ಲಿ ಬಾಡಿಗೆ ಅಥವಾ ಷರತ್ತು ಬದಲಿಸಬೇಕೆಂದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮುಗಿಯುವ 90 ದಿನ ಮೊದಲು ತಿಳಿಸಬೇಕೆಂದು ಕಾನೂನು ಇದೆ. ಮಾಲೀಕನಿಗೂ ಅದೇ, ನಿಮಗೂ ಅದೇ. ತಕರಾರು ಬಂದರೆ ಬಾಡಿಗೆ ವ್ಯಾಜ್ಯಗಳಿಗೆಂದೇ ಪ್ರತ್ಯೇಕ ನ್ಯಾಯಕೇಂದ್ರ ದುಬೈಯಲ್ಲಿದೆ.

5. ಲೈಸೆನ್ಸು

ಈಗ ಸಲೀಸು. ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ಯಾವ ವ್ಯಾಪಾರವೆಂದು ಆರಿಸಿ, ಹೆಸರು ಕಾದಿರಿಸಿ, ಆರಂಭಿಕ ಅನುಮತಿ ಪಡೆಯಿರಿ. ಈ ಎರಡು ಕಾಗದ ಬಂದ ಕೂಡಲೇ ಮುಂಬೈ ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೆಲಸಕ್ಕೆ ಕೈಹಾಕಿ, ಎಂಒಎಗೆ ಸಹಿ ಹಾಕುವ ಮೊದಲೇ ಅದು ಇತ್ಯರ್ಥವಾಗಿರಲಿ. ಆಮೇಲೆ ಬಾಡಿಗೆ ಕರಾರು, ಮುನಿಸಿಪಾಲಿಟಿಯಿಂದ ಅಡುಗೆಮನೆ ನಕ್ಷೆಗೆ ಒಪ್ಪಿಗೆ, ಸಿವಿಲ್ ಡಿಫೆನ್ಸಿನ ಬೆಂಕಿ ಸುರಕ್ಷತೆ, ಕೊನೆಗೆ ಲೈಸೆನ್ಸು. ನಕ್ಷೆ ಒಪ್ಪಿಗೆಯಾಗದೆ ಒಂದು ಟೈಲ್ಸ್ ಕೂಡ ಹಾಕಿಸಬೇಡಿ.

ಹೆಸರಿನಲ್ಲಿ ದೇವರನ್ನು ತರುವ ಆಸೆ ನಮ್ಮವರಿಗೆ ಸಹಜ. ಧಾರ್ಮಿಕ ಹೆಸರಿಗೆ ಅಲ್ಲಿ ಅಡ್ಡಿಯಾಗಬಹುದು, ಊರಿನ ಹೆಸರೋ ತಿಂಡಿಯ ಹೆಸರೋ ಸುರಕ್ಷಿತ. ಇಲ್ಲಿ ಮರಾಠಿ ಫಲಕ ಕಡ್ಡಾಯವಾದ ಹಾಗೆ ಅಲ್ಲಿ ಅರಬಿ ಅಕ್ಷರ ಫಲಕದಲ್ಲಿ ಇರಲೇಬೇಕು. ಅರಬಿಯಲ್ಲಿ ನಿಮ್ಮ ಹೆಸರು ಹೇಗೆ ಓದಿಸಿಕೊಳ್ಳುತ್ತದೆ ಎಂದು ಫಲಕ ಬರೆಸುವ ಮುಂಚೆ ಯಾರನ್ನಾದರೂ ಕೇಳಿ.

6. ಭಟ್ಟರು, ಸಪ್ಲೈಯರು, ಕ್ಲೀನರು

ಊರಿನಿಂದ ಹುಡುಗರನ್ನು ವಿಸಿಟ್ ವೀಸಾದಲ್ಲಿ ಕರೆಸಿ ಕೆಲಸಕ್ಕೆ ಹಚ್ಚಿ, ಆಮೇಲೆ ವೀಸಾ ಬದಲಿಸೋಣ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. 2024ರ ತಿದ್ದುಪಡಿಯ ನಂತರ ಪರ್ಮಿಟ್ ಇಲ್ಲದೆ ಕೆಲಸ ಮಾಡಿಸಿದರೆ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್. ಹೋಟೆಲು ಮಾರಿದರೂ ಆ ಮೊತ್ತ ಹುಟ್ಟುವುದಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ. ಅಂಥವರು ಯುಎಇಗೆ ಕೆಲಸಕ್ಕೆ ಹೋಗಲು ಇ-ಮೈಗ್ರೇಟ್ ಮೂಲಕ ಎಮಿಗ್ರೇಷನ್ ಒಪ್ಪಿಗೆ ಬೇಕು. ಒಳ್ಳೆಯ ದೋಸೆ ಭಟ್ಟರಲ್ಲಿ ಹಲವರು ಈ ಗುಂಪಿನವರೇ ಆದ್ದರಿಂದ ಮೊದಲೇ ಪಾಸ್‌ಪೋರ್ಟ್ ತರಿಸಿ ನೋಡಿ.

ವೀಸಾ, ವೈದ್ಯಕೀಯ ಪರೀಕ್ಷೆ, ಆರೋಗ್ಯ ವಿಮೆ ಎಲ್ಲ ಮಾಲೀಕನ ಖರ್ಚು, ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ನಿಮ್ಮ ಬೀಗದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸಂಬಳ ಬ್ಯಾಂಕಿನ ಮೂಲಕ, ಡಬ್ಲ್ಯುಪಿಎಸ್ ಎಂಬ ಸರ್ಕಾರಿ ಸಂಬಳ ವ್ಯವಸ್ಥೆಯಲ್ಲೇ ಹೋಗಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ರಂಜಾನಿನಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ವರ್ಷ ಪೂರೈಸಿದವರಿಗೆ ಬಿಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳದಂತೆ ಗ್ರ್ಯಾಚುಟಿ. ಇದನ್ನು ತಿಂಗಳು ತಿಂಗಳು ಬೇರೆ ಎತ್ತಿಡಿ.

ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಹುಡುಗರು ಅಲ್ಲೇ ಮಲಗುವ ಮುಂಬೈ ಪದ್ಧತಿ ಅಲ್ಲಿ ನಡೆಯುವುದಿಲ್ಲ. ವಸತಿ ಬೇರೆ ಬೇಕು, ಅದರ ಬಾಡಿಗೆಯನ್ನು ಮೊದಲ ದಿನದಿಂದ ಲೆಕ್ಕಕ್ಕೆ ಹಿಡಿಯಿರಿ. ಆಹಾರ ಸುರಕ್ಷತೆಯ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದ ಒಬ್ಬ ಜವಾಬ್ದಾರ ವ್ಯಕ್ತಿ ಪ್ರತಿ ಹೋಟೆಲಿನಲ್ಲೂ ಇರಬೇಕು. ಭಟ್ಟರಿಗಿಂತ ಗಲ್ಲಾದಲ್ಲಿ ಕೂರುವವರಿಗೆ ಆ ತರಬೇತಿ ಕೊಡಿಸಿ, ಭಟ್ಟರು ಕೆಲಸ ಬಿಡುವುದು ಜಾಸ್ತಿ.

7. ಸಾಮಾನು

ಗಸಗಸೆ ಒಯ್ಯಬೇಡಿ. ಯುಎಇಯಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಕೇಸಾಗುತ್ತದೆ. ಸಾಗು ಮಸಾಲೆಯಲ್ಲಿ ಹಾಕುವವರು ಪಾಕವನ್ನೇ ಬದಲಿಸಿ, ಗಸಗಸೆ ಪಾಯಸವನ್ನು ಮೆನುವಿನಿಂದ ಅಳಿಸಿ. ಊರಿನಿಂದ ಬರುವವರ ಕೈಯಲ್ಲಿ ಮಸಾಲೆ ಪುಡಿ ತರಿಸುವಾಗ ಅದರಲ್ಲಿ ಏನಿದೆಯೆಂದು ಮನೆಯವರನ್ನು ಕೇಳಿ. ಊಟದ ಕೊನೆಗೆ ಬೀಡಾ ಕೊಡುವ ಪದ್ಧತಿಯೂ ಬೇಡ, ವೀಳ್ಯದೆಲೆಯೂ ನಿಷೇಧದ ಪಟ್ಟಿಯಲ್ಲಿದೆ.

ಅಕ್ಕಿಯನ್ನು ಸ್ವಂತವಾಗಿ ಆಮದು ಮಾಡುವ ಹುಮ್ಮಸ್ಸು ಮೊದಲ ವರ್ಷ ಬೇಡ. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ 20% ರಫ್ತು ಸುಂಕ ಹಾಕಿತು. ಆ ಸುಂಕ ಪೂರ್ತಿ ಹೋದದ್ದು 2024ರ ಅಕ್ಟೋಬರ್‌ನಲ್ಲಿ. ಇಡ್ಲಿ ಹಿಟ್ಟಿಗೆ ನೇರವಾಗಿ ತಟ್ಟುವ ವಿಷಯ ಇದು. ಅಲ್ಲಿನ ಸಗಟು ವ್ಯಾಪಾರಿಗಳ ಬಳಿ ದಾಸ್ತಾನು ಇರುತ್ತದೆ, ಸಾಲಕ್ಕೂ ಕೊಡುತ್ತಾರೆ. ಒಬ್ಬರನ್ನೇ ನಂಬದೆ ಇಬ್ಬರನ್ನು ಇಟ್ಟುಕೊಳ್ಳಿ. ತರಕಾರಿಗೆ ಅವೀರ್ ಮಾರುಕಟ್ಟೆ ಇದೆ. ಕಾಫಿಪುಡಿ ಮಾತ್ರ ನಿಮ್ಮ ಮಿಶ್ರಣವೇ ಇರಲಿ, ಗಿರಾಕಿ ತಿರುಗಿ ಬರುವುದು ಅದಕ್ಕೆ. ಅಲ್ಲಿ ಸಿಗುವ ಹಾಲಿಗೆ ಹೊಂದುವ ಹಾಗೆ ಡಿಕಾಕ್ಷನ್ನಿನ ಅಳತೆಯನ್ನು ಅಲ್ಲೇ ಕೂತು ಸರಿಮಾಡಿ.

ಆ್ಯಪ್‌ಗಳ ಮೂಲಕ ಡೆಲಿವರಿಗೆ ಕೊಡುವ ಕಮಿಷನ್ ಕಳೆದ ಮೇಲೆ ಮಸಾಲೆ ದೋಸೆಯಲ್ಲಿ ಏನು ಉಳಿಯುತ್ತದೆ ಎಂದು ತಿಂಡಿವಾರು ಲೆಕ್ಕ ಹಾಕಿ. ದೋಸೆ ದಾರಿಯಲ್ಲಿ ಮೆತ್ತಗಾಗುತ್ತದೆ, ದೂರು ಬರುತ್ತದೆ. ಡೆಲಿವರಿಗೆ ಇಡ್ಲಿ, ಬಿಸಿಬೇಳೆಬಾತ್, ಪುಳಿಯೋಗರೆ ಸಾಕು.

8. ತೆರಿಗೆ, ಎರಡೂ ಕಡೆ

ವ್ಯಾಟ್ 5%. ವಾರ್ಷಿಕ ವಹಿವಾಟು 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. ಮೆನುವಿನಲ್ಲಿ ಬರೆದ ಬೆಲೆ ವ್ಯಾಟ್ ಸೇರಿಯೇ ಇರಬೇಕು, ಬಿಲ್ಲಿನಲ್ಲಿ ಮೇಲೆ ಸೇರಿಸುವುದಲ್ಲ. ಕಾರ್ಪೊರೇಟ್ ತೆರಿಗೆ 2023ರ ಜೂನ್‌ನಿಂದ ಬಂದಿದೆ. ಲಾಭ 3,75,000 ದಿರ್ಹಮ್‌ವರೆಗೆ ಸೊನ್ನೆ, ಅದರಾಚೆಗೆ 9%. 30 ಲಕ್ಷ ದಿರ್ಹಮ್ ಒಳಗಿನ ವಹಿವಾಟಿನವರು ಸಣ್ಣ ವ್ಯಾಪಾರದ ರಿಯಾಯಿತಿ ಕೇಳಬಹುದು, ಅದು 2026ರ ಡಿಸೆಂಬರ್ 31ರೊಳಗೆ ಮುಗಿಯುವ ತೆರಿಗೆ ಅವಧಿಗಳಿಗೆ. ತೆರಿಗೆ ಬಾರದಿದ್ದರೂ ಕಂಪನಿ ಹುಟ್ಟಿದ ಮೂರು ತಿಂಗಳೊಳಗೆ ನೋಂದಣಿ ಮಾಡಬೇಕು, ತಪ್ಪಿದರೆ 10,000 ದಿರ್ಹಮ್ ದಂಡ.

ಇಲ್ಲಿ, ಹೂಡಿಕೆ ಮಾಡಿದ ನಿವಾಸಿ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಬ್ಯಾಂಕಿನ ಮೂಲಕ ಎಪಿಆರ್ ಎಂಬ ವಾರ್ಷಿಕ ವರದಿ ಕೊಡಬೇಕು. ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ತುಂಬಬೇಕು. ಅದರಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್. ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡದ ಅವಕಾಶವಿದೆ. ಅಲ್ಲಿಂದ ಡಿವಿಡೆಂಡ್ ಬಂದರೆ ಇಲ್ಲಿನ ಆದಾಯಕ್ಕೆ ಸೇರುತ್ತದೆ.

9. ಮೊದಲ ವರ್ಷದ ಕೈಕಾಸು, ಬೇಡವೆನಿಸಿದರೆ ಬಾಗಿಲು ಹಾಕುವುದು

ಜುಲೈ-ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಸಂಸಾರಗಳು ಊರಿಗೆ ಹೋಗುತ್ತವೆ, ಉಳಿದವರು ಬಿಸಿಲಿಗೆ ಹೊರಬರುವುದಿಲ್ಲ. ಆ ಎರಡು ತಿಂಗಳು ವ್ಯಾಪಾರ ಇಳಿಯುತ್ತದೆ, ಬಾಡಿಗೆ ಚೆಕ್ಕಿಗೆ ಮಾತ್ರ ರಜೆಯಿಲ್ಲ. ರಂಜಾನಿನಲ್ಲಿ ಹಗಲು ಖಾಲಿ, ರಾತ್ರಿ ತಡವಾಗಿ ಜನ. ಆದ್ದರಿಂದ ಹೋಟೆಲನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೆರೆಯುವಂತೆ ಲೆಕ್ಕ ಹಾಕಿ, ಒಳಾಂಗಣ ಕೆಲಸ ಬೇಸಿಗೆಯಲ್ಲಿ ನಡೆಯಲಿ. ಎಲ್ಲ ಖರ್ಚು ಕಳೆದು ಆರು ತಿಂಗಳ ಬಾಡಿಗೆ, ಸಂಬಳ ಕೈಯಲ್ಲಿ ಉಳಿಯದಿದ್ದರೆ ಇನ್ನೂ ಒಂದು ವರ್ಷ ಕಾಯಿರಿ ಎಂದೇ ನಾನು ಹೇಳುತ್ತೇನೆ.

ಮುಚ್ಚುವ ದಾರಿಯನ್ನೂ ತೆರೆಯುವ ಮುಂಚೆ ಓದಿಕೊಳ್ಳಿ. ಶಟರ್ ಎಳೆದು ಬಂದುಬಿಟ್ಟರೆ ಲೈಸೆನ್ಸ್ ದಂಡ ಬೆಳೆಯುತ್ತಲೇ ಇರುತ್ತದೆ, ಮತ್ತೆ ಆ ದೇಶಕ್ಕೆ ಕಾಲಿಡುವುದು ಕಷ್ಟ. ಕೆಲಸಗಾರರ ಬಾಕಿ ಕೊಟ್ಟು ಅವರ ವೀಸಾ ರದ್ದು ಮಾಡಿಸಿ, ಕಂಪನಿಯ ಲೆಕ್ಕ ಮುಗಿಸಿಕೊಡುವ ಲಿಕ್ವಿಡೇಟರನ್ನು ನೇಮಿಸಿ, ಬಾಡಿಗೆ ಮತ್ತು ದೇವಾ ಬಾಕಿ ತೀರಿಸಿ. ವ್ಯಾಟ್ ನೋಂದಣಿ ರದ್ದಿಗೆ 20 ಕೆಲಸದ ದಿನಗಳೊಳಗೆ, ಕಾರ್ಪೊರೇಟ್ ತೆರಿಗೆಯ ರದ್ದಿಗೆ ಮೂರು ತಿಂಗಳೊಳಗೆ ಅರ್ಜಿ ಹಾಕಿ, ಆಮೇಲೆ ಲೈಸೆನ್ಸ್ ರದ್ದು ಮಾಡಿಸಿ. ಉಳಿದ ದುಡ್ಡು 90 ದಿನದೊಳಗೆ ಭಾರತಕ್ಕೆ ಬರಬೇಕು. ಬಂದ 30 ದಿನದೊಳಗೆ ಅದೇ ಯುಐಎನ್ ಸಂಖ್ಯೆಯ ಕೆಳಗೆ, ಹಣ ಕಳಿಸಿದ ಅದೇ ಬ್ಯಾಂಕಿಗೆ ಫಾರ್ಮ್ ಎಫ್‌ಸಿಯಲ್ಲಿ ತಿಳಿಸಬೇಕು.